ಒಂದು ಚಮಚ ಹಳದಿ

ಅತ್ತೆಯ ಕಣ್ಣಿನ ಪಟ್ಟಿ ಬಿಚ್ಚುವ ದಿನ ಬೆಳಿಗ್ಗೆ ಸೊಸೆಯ ಗಂಟಲಲ್ಲಿ ಒಂದು ತುತ್ತೂ ಇಳಿಯಲಿಲ್ಲ. ನೋಡಿದವರು, ಪಾಪ, ಅತ್ತೆಯ ಮೇಲೆ ಎಷ್ಟು ಜೀವ ಇಟ್ಟುಕೊಂಡಿದ್ದಾಳೆ ಎಂದು ಲೊಚಗುಟ್ಟುತ್ತಿದ್ದರೇನೋ. ಜೀವ ಇಟ್ಟುಕೊಂಡಿದ್ದಳು, ಇಲ್ಲವೆನ್ನಲಾಗದು. ಆದರೆ ಆ ಬೆಳಿಗ್ಗೆ ಅವಳ ಹೊಟ್ಟೆ ತುಂಬಿಸಿದ್ದು ಶುದ್ಧ ಭಯ. ಪೊರೆ ತೆಗೆದ ಕಣ್ಣು ಮನೆಗೆ ಬಂದು ಮೊದಲು ಮಾಡುವ ಕೆಲಸವೆಂದರೆ ಬೀರು ತೆಗೆಸಿ ಸ್ಕಾರ್ಫುಗಳನ್ನು ನೋಡುವುದು. ನೋಡಿದರೆ ತನ್ನ ಕಳ್ಳತನ ಬಯಲಾಗುತ್ತದೆ. ಬಯಲಾದರೆ ಈ ಜನ್ಮದಲ್ಲಿ ಬಣ್ಣದ ಮೇಜಿನ ಹತ್ತಿರ ತನ್ನನ್ನು ಯಾರೂ ಸುಳಿಯಗೊಡುವುದಿಲ್ಲ. ಅವಳಿಗಿದ್ದದ್ದು ಅದೊಂದೇ ಆಸೆ, ಉತ್ತರದ ಕಿಟಕಿಯ ಪಕ್ಕದ ಆ ಮೇಜಿನ ಮುಂದೆ, ಅತ್ತೆಯ ಪಕ್ಕ, ಒಂದು ಸ್ಟೂಲು ಹಾಕಿಕೊಂಡು ಕೂರುವುದು.

ಬೀದಿಯವರೆಲ್ಲ ಅತ್ತೆಯನ್ನು ಬಣ್ಣದಮ್ಮ ಎನ್ನುತ್ತಿದ್ದರು. ಮನೆಯ ಮಹಡಿಯಲ್ಲಿ ಸಂಸಾರ, ಕೆಳಗೆ ಕಾರ್ಖಾನೆ. ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ಉದ್ದನೆಯ ಒಂದು ಕೋಣೆ, ಅದರಲ್ಲಿ ಅಚ್ಚು ಹಾಕುವ ಮೇಜು, ಕೊನೆಯಲ್ಲಿ ಬುಸುಗುಟ್ಟುವ ಹಬೆ ಪೆಟ್ಟಿಗೆ, ಆಚೆ ಕಡೆ ಅತ್ತೆಯ ಪುಟ್ಟ ಬಣ್ಣದ ಕೋಣೆ, ಎರಡಕ್ಕೂ ನಡುವೆ ಒಬ್ಬರು ಹೋದರೆ ಇನ್ನೊಬ್ಬರು ಗೋಡೆಗೆ ಅಂಟಿಕೊಳ್ಳಬೇಕಾದಂಥ ಓಣಿ. ಇಲ್ಲಿ ಹುಟ್ಟುತ್ತಿದ್ದದ್ದು ರೇಷ್ಮೆಯ ಸ್ಕಾರ್ಫುಗಳು. ಚಿತ್ರ ಅತ್ತೆಯದು, ಬಣ್ಣ ಅತ್ತೆಯದು. ಒಂದೊಂದು ಬಣ್ಣಕ್ಕೆ ಒಂದೊಂದು ಚೌಕಟ್ಟು. ಅದಕ್ಕೆ ಬಿಗಿದ ಜಾಲರಿ ಬಟ್ಟೆಯಲ್ಲಿ ಆ ಬಣ್ಣ ಬೀಳಬೇಕಾದ ಜಾಗ ಮಾತ್ರ ತೆರೆದಿರುತ್ತದೆ. ರೇಷ್ಮೆಯ ಮೇಲೆ ಚೌಕಟ್ಟು ಕೂರಿಸಿ, ಗಂಜಿಯಂಥ ಬಣ್ಣ ಸುರಿದು, ರಬ್ಬರ್ ಪಟ್ಟಿಯಿಂದ ಒಂದೇ ಉಸಿರಿಗೆ ಎಳೆಯಬೇಕು. ಎಳೆಯುವುದು, ಹಬೆಗಿಡುವುದು, ತೊಳೆಯುವುದು ಸೊಸೆಯ ಪಾಲಿಗೆ. ಚೌಕಟ್ಟು ಕಟ್ಟುವುದು, ಜಾಲರಿಯಲ್ಲಿ ಬಿದ್ದ ಸೂಜಿತೂತುಗಳನ್ನು ಮುಚ್ಚುವುದು ಮಗರಾಯನ ಪಾಲಿಗೆ. ಮಗರಾಯ ಒಳ್ಳೆಯವನು. ಆದರೆ ಬಣ್ಣದ ವಿಷಯದಲ್ಲಿ ದೇವರು ಅವನಿಗೆ ಕೈಕೊಟ್ಟುಬಿಟ್ಟಿದ್ದ. ಇಟ್ಟಿಗೆ, ತುಕ್ಕು, ದಾಳಿಂಬೆ ಯಾವುದನ್ನು ತೋರಿಸಿದರೂ "ಒಂಥರಾ ಕೆಂಪು" ಎನ್ನುತ್ತಿದ್ದ. ಅಂಥವನನ್ನು ಬಣ್ಣದಮ್ಮ ಹೆತ್ತರಲ್ಲ, ಅದಕ್ಕೇನನ್ನೋಣ.

ಅತ್ತೆ ಬಣ್ಣಗಳನ್ನು ಕೂಡಿಸುವುದನ್ನು ನೋಡಬೇಕಿತ್ತು. ಸಂಬಂಧ ಕುದುರಿಸುವ ಹಿರಿಯರ ಹಾಗೆ ಗಂಟೆಗಟ್ಟಲೆ ಯೋಚಿಸುತ್ತಿದ್ದರು. "ಇವೆರಡೂ ಅಕ್ಕತಂಗಿ ಕಣೇ. ಪಕ್ಕಪಕ್ಕ ಕೂರಿಸಿದ್ರೆ ತಮ್ಮಷ್ಟಕ್ಕೆ ತಾವೇ ಮಾತಾಡ್ಕೊಂಡು ಕೂತ್ಬಿಡ್ತಾರೆ. ನೋಡೋರಿಗೆ ಏನೂ ಸಿಗಲ್ಲ. ಮಧ್ಯೆ ಒಬ್ಬ ಭಾವನ್ನ ಕೂರಿಸು," ಎಂದು ಬದನೆ ಬಣ್ಣಕ್ಕೂ ನೇರಳೆ ಬಣ್ಣಕ್ಕೂ ನಡುವೆ ಬೂದಿಯ ಗೆರೆ ಎಳೆಯುತ್ತಿದ್ದರು. ಸ್ಕಾರ್ಫನ್ನು ಚೌಕವಾಗಿ ಹರಡಿ ನೋಡುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಸ್ಕಾರ್ಫು ಗೋಡೆಗೆ ಹಾಕುವ ಪಟವೇನಲ್ಲ. ಮಡಿಚುತ್ತಾರೆ, ಸುತ್ತುತ್ತಾರೆ, ಗಂಟು ಹಾಕುತ್ತಾರೆ. ಹರಡಿದಾಗ ಎರಡು ಮೂಲೆಗಳಲ್ಲಿ ದೂರ ದೂರ ಇರುವ ಬಣ್ಣಗಳು ಕತ್ತಿನ ಹತ್ತಿರ ಮುಖಾಮುಖಿಯಾಗುತ್ತವೆ. ಅಲ್ಲಿ ಅವು ಏನು ಮಾತಾಡುತ್ತವೆ ಎಂಬುದನ್ನು ಅತ್ತೆ ಕಾಗದದ ಮೇಲೆ ಗೆರೆ ಎಳೆಯುವಾಗಲೇ ಕಂಡಿರುತ್ತಿದ್ದರು.

ಇನ್ನೊಂದು ವಿಷಯ. ಪ್ರತಿ ಸ್ಕಾರ್ಫಿನಲ್ಲೂ ಅವರು ಒಂದು ಜಗಳಗಂಟಿಯನ್ನು ಇಡುತ್ತಿದ್ದರು. ಉಳಿದ ಯಾವ ಬಣ್ಣದ ಜೊತೆಗೂ ಹೊಂದದ, ಉಗುರಿನಷ್ಟೇ ಜಾಗದಲ್ಲಿ ಕೂತು ಎಲ್ಲರನ್ನೂ ಕೆಣಕುವ ಬಣ್ಣ. ಪಾರಿವಾಳದ ಕತ್ತಿನಂಥ ಬೂದಿಯ ಮಧ್ಯೆ ಎಲ್ಲೋ ಒಂದು ಎಲೆಯ ತುದಿಗೆ ಉರಿಯುವ ಸಾಸಿವೆ. ಅದೊಂದು ಇಲ್ಲದಿದ್ದರೆ ಸ್ಕಾರ್ಫು ನಿದ್ದೆ ಹೋಗುತ್ತದೆ ಎನ್ನುತ್ತಿದ್ದರು. ಅದೇ ಬಣ್ಣದಲ್ಲಿ ಕೆಳಗಿನ ಮೂಲೆಗೆ ಒಂದೇ ಒಂದು ಚುಕ್ಕೆ. ಹೆಸರಿಲ್ಲ, ಸಹಿಯಿಲ್ಲ, ಬರೀ ಚುಕ್ಕೆ. ಅಂಗಡಿಗಳಲ್ಲಿ ಜನ ಮೂಲೆ ಮಗುಚಿ ನೋಡಿ, ಚುಕ್ಕೆ ಇದೆಯೇ ಎಂದು ಖಾತ್ರಿ ಮಾಡಿಕೊಂಡೇ ಕೊಳ್ಳುತ್ತಿದ್ದರು.

ಸೊಸೆ ಗೋಡೆಗೆ ಬಣ್ಣ ಬಳಿಯುವವರ ಮನೆಯಿಂದ ಬಂದವಳು. ಅವಳಪ್ಪ ಊರಿನ ಅರ್ಧ ಮನೆಗಳ ಗೋಡೆ ಬಳಿದವನು. ಬಂದ ಹೊಸದರಲ್ಲಿ ಯಾವುದೋ ಸ್ಕಾರ್ಫು ನೋಡಿ, "ಈ ಹಸಿರು ಸ್ವಲ್ಪ ಜಾಸ್ತಿ ಆಯ್ತೇನೋ ಅತ್ತೆ," ಎಂದುಬಿಟ್ಟಿದ್ದಳು. ಅತ್ತೆ ಕನ್ನಡಕದ ಮೇಲಿಂದ ನೋಡಿ, "ಗೋಡೆ ನೋಡಿದ ಕಣ್ಣು, ರೇಷ್ಮೆ ಎಲ್ಲಿ ಕಾಣುತ್ತೆ," ಎಂದಿದ್ದರು. ಅವತ್ತಿನಿಂದ ಅವಳ ಹೆಸರು ಗೋಡೆಕಣ್ಣು. ಲೋಟ ಕೈಜಾರಿದರೂ ಗೋಡೆಕಣ್ಣು, ಬಾಗಿಲು ತೆರೆದಿಟ್ಟರೂ ಗೋಡೆಕಣ್ಣು. ಅವಳಿಗೆ ಸಿಟ್ಟು ಬರುತ್ತಿರಲಿಲ್ಲವೇ? ಬರುತ್ತಿತ್ತು. ಒಲೆಯ ಮುಂದೆ ನಿಂತು ಮನಸ್ಸಿನಲ್ಲೇ ನಾಲ್ಕು ಮಾತು ಅಂದುಕೊಳ್ಳುತ್ತಿದ್ದಳು. ಆದರೆ ಹಬೆ ಪೆಟ್ಟಿಗೆಯ ಬಾಗಿಲು ತೆಗೆದು, ಬಿಸಿ ಬಿಸಿ ಸ್ಕಾರ್ಫನ್ನು ಎರಡು ಕೈಯಲ್ಲಿ ಎತ್ತಿ ಹಿಡಿದಾಗ, ಮಂಕಾಗಿದ್ದ ಬಣ್ಣಗಳು ಹಬೆ ಕುಡಿದು ಕಣ್ಣು ಬಿಟ್ಟಿರುವುದನ್ನು ಕಂಡಾಗ, ಸಿಟ್ಟು ಎಲ್ಲಿ ಹೋಯಿತೋ ಗೊತ್ತೇ ಆಗುತ್ತಿರಲಿಲ್ಲ. ಇಷ್ಟು ಚಂದದ್ದನ್ನು ಮಾಡುವ ಬಾಯಿ ಏನು ಬೇಕಾದರೂ ಬೈಯಲಿ ಎನಿಸುತ್ತಿತ್ತು.

ಎಲ್ಲವೂ ಕೆಟ್ಟದ್ದು ಈರುಳ್ಳಿ ಸಿಪ್ಪೆಯಿಂದ. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಅತ್ತೆ ಬಣ್ಣದ ಡಬರಿ ಕೊಟ್ಟು, "ಈರುಳ್ಳಿ ಸಿಪ್ಪೆ, ಅಂಚಿಗೆ," ಎಂದರು. ಸೊಸೆ ಓಣಿಯಲ್ಲಿ ಬರುತ್ತಾ ಡಬರಿಯೊಳಗೆ ನೋಡಿದರೆ ಈರುಳ್ಳಿಯೂ ಇಲ್ಲ, ಸಿಪ್ಪೆಯೂ ಇಲ್ಲ. ಜಂಬುನೇರಳೆ ತಿಂದವರ ನಾಲಿಗೆಯ ಬಣ್ಣ. ಮರುದಿನ ಬೂದಿ ಎಂದು ಕೊಟ್ಟದ್ದು ಮೈಲುತುತ್ತದ ನೀರಿನಂತಿತ್ತು. ಅದೇ ವಾರ ಅತ್ತೆ ಬಿಳಿ ಅಂಗಿ ತೊಟ್ಟ ಮಗನನ್ನು, "ಇದ್ಯಾಕೋ ಹಳದಿ ಅಂಗಿ ಹಾಕ್ಕೊಂಡೆ," ಎಂದು ಕೇಳಿದಾಗ ಸೊಸೆಗೆ ವಿಷಯ ಹೊಳೆಯಿತು. ಅವಳ ಅಜ್ಜಿಗೂ ಹೀಗೇ ಆಗಿತ್ತು. ಪೊರೆ ಬಲಿತಂತೆ ಲೋಕಕ್ಕೆಲ್ಲ ಹಳದಿ ಗಾಜು ಹಿಡಿದ ಹಾಗೆ. ಹಳದಿ ಕಾಣುವ ಕಣ್ಣು ಬಣ್ಣ ಬೆರೆಸಲು ಕೂತರೆ, ಹಳದಿ ಹೋಗಲಿ ಎಂದು ನೀಲಿ ಸುರಿಯುತ್ತದೆ.

"ಅತ್ತೆ, ಒಂದ್ಸಲ ಕಣ್ಣು ತೋರಿಸ್ಕೊಂಡು ಬರೋಣ್ವಾ?" ಎಂದು ಮೆಲ್ಲಗೆ ಕೇಳಿದಳು.

"ನನ್ನ ಕಣ್ಣಿಗೇನಾಗಿದೆ? ನಿನ್ನ ಕಣ್ಣು ತೋರಿಸ್ಕೋ ಹೋಗು," ಎಂದರು ಅತ್ತೆ. ಎರಡು ದಿನ ಮುಖ ಊದಿಸಿಕೊಂಡೇ ಓಡಾಡಿದರು.

ಮತ್ತೇನು ಮಾಡುತ್ತಾಳೆ? ಹಾಗೇ ಅಚ್ಚು ಹಾಕಿದರೆ ಊರಿಗೆಲ್ಲ ಗೊತ್ತಾಗುತ್ತದೆ, ಬಣ್ಣದಮ್ಮನ ಕಣ್ಣು ಹೋಯಿತೆಂದು. ಆ ಮಾತು ಅತ್ತೆಯ ಕಿವಿಗೆ ಬಿದ್ದರೆ ಅವರು ಉಳಿಯುವುದಿಲ್ಲ. ಓಣಿಯ ಗೂಡಿನಲ್ಲಿ ಅವಳು ಹಳದಿ ಬಣ್ಣದ ಒಂದು ಬಾಟಲಿ, ಮರದ ಒಂದು ಚಮಚ ತಂದಿಟ್ಟುಕೊಂಡಳು. ಡಬರಿ ಹಿಡಿದು ಬರುವಾಗ ಒಂದು ಕ್ಷಣ ನಿಂತು, ಅತ್ತೆ ಹೇಳಿದ ಈರುಳ್ಳಿ ಸಿಪ್ಪೆಯನ್ನು ಕಣ್ಣ ಮುಂದೆ ತಂದುಕೊಂಡು, ಒಂದು ಚಮಚ ಹಾಕಿ ಕಲಸುತ್ತಿದ್ದಳು. ಬಣ್ಣ ದಾರಿಗೆ ಬರುತ್ತಿತ್ತು. ದಿನ ಕಳೆದಂತೆ ಒಂದು ಚಮಚ ಸಾಲದೆ ಎರಡಾಯಿತು, ಮೂರಾಯಿತು. ಅತ್ತೆಯ ಕಣ್ಣು ಇಳಿಯುತ್ತಲೇ ಇದೆ ಎಂದು ಅವಳ ಕರುಳು ಚುರುಕ್ಕೆನ್ನುತ್ತಿತ್ತು. ಮಗರಾಯ ಮಾತ್ರ ನೀಲಿ ಹಳದಿ ಡಬ್ಬಗಳು ಯಾಕೆ ಇಷ್ಟು ಬೇಗ ಬರಿದಾಗುತ್ತಿವೆ ಎಂದು ಗೊಣಗುತ್ತಿದ್ದ. ಒಮ್ಮೆ ಡಬ್ಬ ತಲೆಕೆಳಗು ಮಾಡಿ, ತೂತು ಬಿದ್ದಿದೆಯೇ ಎಂದು ಬುಡವನ್ನೂ ನೋಡಿದ.

ಇದರ ನಡುವೆ ನಡೆದ ವಿಚಿತ್ರವೆಂದರೆ, ಆ ಎರಡು ವರ್ಷದ ಸ್ಕಾರ್ಫುಗಳಿಗೆ ಜನ ಮುಗಿಬಿದ್ದರು. ದೊಡ್ಡ ಬೀದಿಯಲ್ಲಿ ಗಾಜಿನ ಕಿಟಕಿಯ ಅಂಗಡಿ ಇಟ್ಟಿದ್ದಾಕೆ, ಹಿಂದೆಲ್ಲ ನಾಲ್ಕು ಕೊಂಡರೆ ಹೆಚ್ಚು ಎನ್ನುವಂತಿದ್ದವಳು, ಈಗ ಬಂದು ರಾಶಿ ರಾಶಿ ಒಯ್ಯತೊಡಗಿದಳು. "ಅಮ್ಮ, ನಿಮ್ಮ ಬಣ್ಣ ಈಗ ಮಾಗಿದೆ," ಎಂದಳು. ಅತ್ತೆ ಹೂಂಗುಟ್ಟಿದರು. ಸೊಸೆ ಹಬೆ ಪೆಟ್ಟಿಗೆಯ ಹಿಂದೆ ನಿಂತು, ಹೊಗಳಿಕೆಯಲ್ಲಿ ತನಗೂ ಒಂದು ಚಮಚದಷ್ಟು ಪಾಲಿದೆಯೇ ಎಂದು ಯೋಚಿಸಿ, ಹಾಗೆ ಯೋಚಿಸಿದ್ದಕ್ಕೇ ನಾಚಿಕೊಂಡಳು.

ಕೊನೆಗೆ ಅತ್ತೆಯೇ ಸೋತರು. ಚಹಾವನ್ನು ಲೋಟದ ಬದಲು ತಟ್ಟೆಗೆ ಸುರಿದುಕೊಂಡ ದಿನ, "ಆಯ್ತು, ಕರ್ಕೊಂಡು ಹೋಗಿ," ಎಂದರು. ಒಂದು ಕಣ್ಣಾಯಿತು, ಸ್ವಲ್ಪ ದಿನ ಬಿಟ್ಟು ಇನ್ನೊಂದಾಯಿತು. ಅಷ್ಟು ದಿನವೂ ಕಪ್ಪು ಕನ್ನಡಕ, ಕೆಳಗಿಳಿಯುವಂತಿಲ್ಲ, ಬಣ್ಣ ಮುಟ್ಟುವಂತಿಲ್ಲ. ಎರಡನೇ ಪಟ್ಟಿ ಬಿಚ್ಚಿದ ದಿನವೇ ಈ ಕಥೆ ಶುರುವಾದ ದಿನ.

ಮಗನ ಕೈಹಿಡಿದು ಮನೆಗೆ ಬಂದ ಅತ್ತೆ ಕನ್ನಡಕ ತೆಗೆದು ಮೊದಲು ನಡುಮನೆಯ ಗೋಡೆ ನೋಡಿದರು.

"ಇದು ಬಿಳೀದಾ? ನಾನು ಕೆನೆ ಬಣ್ಣ ಅಂದ್ಕೊಂಡಿದ್ದೆ."

"ಬಿಳೀನೇ ಅತ್ತೆ."

"ನೀನೇ ತಾನೇ ಬಳಿದಿದ್ದು?"

"ಹೂಂ."

"ಚೆನ್ನಾಗಿದೆ," ಎಂದರು ಅತ್ತೆ.

ಮದುವೆಯಾಗಿ ಈ ಮನೆಗೆ ಬಂದಮೇಲೆ ಅವಳ ಕೆಲಸಕ್ಕೆ ಸಿಕ್ಕ ಮೊದಲ ಶಹಬ್ಬಾಸ್ ಅದು, ಅದೂ ಒಂದು ಗೋಡೆಗೆ. ಅಳಬೇಕೋ ನಗಬೇಕೋ ತಿಳಿಯದೆ ಅವಳು ನೀರು ತರುವ ನೆಪದಲ್ಲಿ ಒಳಗೆ ಹೋದಳು. ಬರುವಷ್ಟರಲ್ಲಿ ಅತ್ತೆ ಮೆಟ್ಟಿಲಿಳಿದು ಬೀರು ತೆಗೆದಾಗಿತ್ತು.

ಒಂದೊಂದೇ ಸ್ಕಾರ್ಫನ್ನು ಎತ್ತಿ ತೊಡೆಯ ಮೇಲೆ ಹರಡಿಕೊಂಡರು. ತುಕ್ಕಿನ ಬಯಲಿನಲ್ಲಿ ಬದನೆ ಬಣ್ಣದ ಬಳ್ಳಿ, ಅದರ ಒಂದೇ ಮೊಗ್ಗಿಗೆ ಎಳೆ ಗಿಳಿಹಸಿರು. ಹಳೆಯ ತಾಮ್ರದ ಜೊತೆ ಮುಸ್ಸಂಜೆಯ ನೀಲಿ, ಅಂಚಿಗೆ ಗಂಧ. ಆಮೇಲೆ ಆ ಈರುಳ್ಳಿ ಸಿಪ್ಪೆ. ಪಾರಿವಾಳದ ಬೂದಿಗೆ ಅದು ಅಂಚಾಗಿ ನಿಂತ ರೀತಿಯನ್ನು ಏನೆಂದು ಹೇಳುವುದು. ಗುಲಾಬಿಯಾಗಬಹುದಿತ್ತು, ಆಗಲಿಲ್ಲ, ಕಂದಾಗಬಹುದಿತ್ತು, ಅದೂ ಆಗಲಿಲ್ಲ, ಎರಡೂ ಮನೆಯ ಹೊಸ್ತಿಲ ಮೇಲೆ ನಿಂತು ಮಾತಾಡುತ್ತಿರುವಂತಿತ್ತು. ಅತ್ತೆ ಸ್ಕಾರ್ಫನ್ನು ಕರ್ಣಕ್ಕೆ ಮಡಿಚಿ, ತಮ್ಮ ಕೈಗೇ ಸುತ್ತಿ ಗಂಟು ಹಾಕಿ ನೋಡಿದರು. ಗಂಟಿನ ಬಾಯಲ್ಲಿ ಸಾಸಿವೆಯ ಎಲೆತುದಿ ಇಣುಕಿತು.

"ಇದನ್ನ ನಾನು ಈರುಳ್ಳಿ ಸಿಪ್ಪೆ ಅಂತ ತಾನೇ ಹೇಳಿದ್ದು?"

"ಹೌದು ಅತ್ತೆ."

"ಈರುಳ್ಳಿ ಸಿಪ್ಪೆನೇ ಇದೆ," ಎಂದು ಸೊಸೆಯ ಮುಖವನ್ನೇ ನೋಡಿದರು. ಪೊರೆ ತೆಗೆದ ಕಣ್ಣು ಎಷ್ಟು ಚೂಪಾಗಿರುತ್ತದೆ ಎಂದು ಅವಳಿಗೆ ಆಗ ಗೊತ್ತಾಯಿತು. ಅವಳು ನೆಲ ನೋಡಿದಳು. ಅತ್ತೆ ಮತ್ತೇನೂ ಕೇಳದೆ ಬೀರು ಮುಚ್ಚಿದರು. ಕೇಳಿದ್ದರೆ ಒಳ್ಳೆಯದಿತ್ತು. ಬೈಯುವವರು ಬೈಯದೆ ಸುಮ್ಮನಾದರೆ ಅದಕ್ಕಿಂತ ಹಿಂಸೆ ಇನ್ನೊಂದಿಲ್ಲ.

ಮುಂದಿನ ವಾರ ಅಂಗಡಿಯಾಕೆ ಬರುವವಳಿದ್ದಳು, ಹೊಸ ಋತುವಿಗೆ ತನ್ನ ಗಾಜಿನ ಕಿಟಕಿ ತುಂಬಲು. ಅತ್ತೆ ಹೊಸ ಚಿತ್ರ ಬರೆದರು. ಬಾಗಿದ ದಾಳಿಂಬೆ ಕೊಂಬೆಗಳು, ಒಡೆದ ಹಣ್ಣು, ಹಿನ್ನೆಲೆಗೆ ಬೂದಿ. ಕಿಟಕಿಯ ಪಕ್ಕ ಕೂತು ಹೊಸ ಕಣ್ಣಿನಿಂದ ಬಣ್ಣ ಬೆರೆಸಿದರು. ಸೊಸೆ ಡಬರಿ ಹಿಡಿದು ಓಣಿಗೆ ಬಂದು ಒಳಗೆ ನೋಡಿದಳು. ದಾಳಿಂಬೆ ಎಂದರೆ ದಾಳಿಂಬೆಯೇ. ಎಳ್ಳಷ್ಟೂ ಆಚೀಚೆ ಇಲ್ಲ. ಗೂಡಿನ ಕಡೆಗೆ ತಾನಾಗಿ ಹೋದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಇನ್ನು ಆ ಚಮಚಕ್ಕೆ ಕೆಲಸವಿಲ್ಲ. ಸಮಾಧಾನವಾಗಬೇಕಿತ್ತು, ಅದರ ಬದಲು ಕೈಯೇ ಖಾಲಿಯಾದಂತೆ ಅನಿಸಿ ಬೇಜಾರಾಯಿತು.

ಸ್ಕಾರ್ಫು ಹಬೆಯಿಂದ ಹೊರಬಂತು. ಸೊಸೆ ಎತ್ತಿ ಹಿಡಿದಳು. ಒಂದು ತಪ್ಪಿಲ್ಲ. ಕೆಂಪು ಕೆಂಪಾಗಿತ್ತು, ಹಸಿರು ಹಸಿರಾಗಿತ್ತು, ಮೂಲೆಯ ಚುಕ್ಕೆ ಚುಕ್ಕೆಯಾಗಿತ್ತು. ಆದರೂ ಅವಳ ಎದೆಯಲ್ಲಿ ಏನೂ ಆಗಲಿಲ್ಲ. ಮೊದಲ ಸಲ ಅತ್ತೆಯ ಬಣ್ಣವೊಂದು ಅವಳಿಗೆ ಏನೂ ಮಾಡದೆ ಸುಮ್ಮನೆ ಬಟ್ಟೆಯಾಗಿ ಕೈಯಲ್ಲಿತ್ತು. ಬಾಯಿ ಬಿಡಲು ಧೈರ್ಯ ಬರಲಿಲ್ಲ. ಗೋಡೆಕಣ್ಣಿನವಳು ಏನು ಹೇಳಿಯಾಳು?

ಹೇಳಿದ್ದು ಅಂಗಡಿಯಾಕೆ. ಸ್ಕಾರ್ಫನ್ನು ಕತ್ತಿಗೆ ಹಾಕಿಕೊಂಡು ಕನ್ನಡಿ ನೋಡಿದಳು, ತೆಗೆದಳು, ಮತ್ತೆ ಹಾಕಿಕೊಂಡಳು. ಕೊನೆಗೆ ಮಡಿಚಿ ಮೇಜಿನ ಮೇಲಿಟ್ಟಳು.

"ಅಮ್ಮ, ನಿಮ್ಮ ಹತ್ರ ಸುಳ್ಳು ಹೇಳೋಕಾಗಲ್ಲ. ತುಂಬಾ ನೀಟಾಗಿದೆ. ಆದ್ರೆ ಇದು ಯಾರದ್ದಾದ್ರೂ ಆಗ್ಬಹುದಿತ್ತು. ನಿಮ್ಮ ಬಣ್ಣದಲ್ಲಿ ಒಂದು ಆಳ ಇರ್ತಿತ್ತಲ್ಲ, ಬಾವಿಯೊಳಗೆ ಬಗ್ಗಿ ನೋಡಿದ ಹಾಗೆ, ಅದೆಲ್ಲಿ ಹೋಯ್ತು? ನಾಡಿದ್ದು ಮತ್ತೆ ಬರ್ತೀನಿ. ಆಗ್ಲಿಲ್ಲ ಅಂದ್ರೆ ಈ ಸಲ ಕಿಟಕಿಗೆ ಬೇರೆಯವರದ್ದು ಹಾಕ್ತೀನಿ. ಬೇಜಾರು ಮಾಡ್ಕೋಬೇಡಿ."

ಅವಳು ಹೋದ ಮೇಲೆ ಅತ್ತೆ ಹಳೆಯ ಈರುಳ್ಳಿ ಸಿಪ್ಪೆಯ ಸ್ಕಾರ್ಫನ್ನೂ ಹೊಸ ದಾಳಿಂಬೆಯನ್ನೂ ಪಕ್ಕಪಕ್ಕ ಹಾಸಿದರು. ತುಂಬಾ ಹೊತ್ತು ನೋಡಿದರು. ಆಮೇಲೆ ತಲೆ ಎತ್ತದೆಯೇ ಕೇಳಿದರು.

"ಏನು ಹಾಕ್ತಿದ್ದೆ?"

ಸೊಸೆ ದಾಳಿಂಬೆಯ ಸ್ಕಾರ್ಫಿನ ಅಂಚು ಸರಿಪಡಿಸಿದಳು. "ಏನು ಅತ್ತೆ?"

"ಆ ನಾಟಕ ಎಲ್ಲ ಬೇಡ. ಹಳದಿ ಕಣ್ಣಿಟ್ಕೊಂಡು ನಾನು ಎರಡು ವರ್ಷ ಬೆರೆಸಿದ ಬಣ್ಣ ಇಷ್ಟು ಸರಿಯಾಗಿ ಬರೋಕೆ ಸಾಧ್ಯವೇ ಇಲ್ಲ. ಇದೆಲ್ಲ ನೀಲಿ ಹೊಡೀಬೇಕಿತ್ತು. ಏನು ಹಾಕ್ತಿದ್ದೆ?"

ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ತಿಳಿದ ಮೇಲೆ ಅವಳು ಓಣಿಗೆ ಹೋಗಿ, ಗೂಡಿನಿಂದ ಬಾಟಲಿಯನ್ನೂ ಚಮಚವನ್ನೂ ತಂದು ಮೇಜಿನ ಮೇಲಿಟ್ಟಳು. ಚಮಚದ ಹಿಡಿಯವರೆಗೂ ಹಳದಿ ಹೀರಿಕೊಂಡಿತ್ತು. "ಹಳದಿ. ಮೊದಮೊದಲು ಒಂದೇ ಚಮಚ. ಆಮೇಲಾಮೇಲೆ ಜಾಸ್ತಿ ಬೇಕಾಯ್ತು. ನಿಮ್ಮ ಕಣ್ಣು... ನಿಮಗೆ ಹೇಳಿದ್ರೆ ಬೇಜಾರಾಗುತ್ತೆ ಅಂತ. ನಿಮ್ಮ ಬಣ್ಣ ಮುಟ್ಟಿದ್ದು ತಪ್ಪು ಅತ್ತೆ. ಇನ್ನು ಮುಟ್ಟಲ್ಲ." ಹೇಳುತ್ತಾ ಹೇಳುತ್ತಾ ಅವಳಿಗೆ ಅಳು ಬಂದುಬಿಟ್ಟಿತು.

ಅತ್ತೆ ಚಮಚವನ್ನು ತಿರುಗಿಸಿ ಮುರುಗಿಸಿ ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಸಿಕ್ಕಿಬಿದ್ದವರ ಪೆಚ್ಚುತನವಿತ್ತು.

"ನಾನು ನೀಲಿ ಹಾಕ್ತಿದ್ದೆ ಕಣೇ," ಎಂದರು.

"ಅದು ಕಣ್ಣಿಂದಾಗಿ..."

"ಕಣ್ಣಿಂದ ಹಾಕಿದ್ದು ಬೇರೆ. ಅದರ ಮೇಲೆ ಇನ್ನೂ ಒಂದು ಚಮಚ, ಬೇಕಂತಲೇ. ನಾನು ತುಂಡು ಬಟ್ಟೆ ಮೇಲೆ ಹಚ್ಚಿ ನೋಡಿದ ಬಣ್ಣಕ್ಕೂ ಹಬೆಯಿಂದ ಬಂದ ಬಣ್ಣಕ್ಕೂ ತಾಳೆನೇ ಆಗ್ತಿರ್ಲಿಲ್ಲ. ನನ್ನ ಕಣ್ಣಿಗೆ ಸ್ಕಾರ್ಫೆಲ್ಲ ಹಳದಿ ಹೊಡೀತಿತ್ತು. ನೀನು ಹಬೇಲಿ ಜಾಸ್ತಿ ಹೊತ್ತು ಬಿಟ್ಟು ರೇಷ್ಮೆ ಕಂದಿಸ್ತಿದ್ದೀಯ ಅಂದ್ಕೊಂಡೆ. ಅದಕ್ಕೇ ಮುಂಚೇನೇ ಒಂದು ಚಮಚ ನೀಲಿ ಜಾಸ್ತಿ ಹಾಕಿ ಕೊಡ್ತಿದ್ದೆ. ಆದ್ರೂ ಹಳದಿ. ಇನ್ನೊಂದು ಚಮಚ ಹಾಕ್ದೆ."

ಸೊಸೆ ಅಳು ಮರೆತು ಬಾಯಿ ಬಿಟ್ಟುಕೊಂಡು ನಿಂತಳು. ಅತ್ತೆ ಒಂದು ಚಮಚ ನೀಲಿ ಏರಿಸಿದಾಗ ತಾನು ಒಂದು ಚಮಚ ಹಳದಿ ಏರಿಸಿದ್ದಳು. ತಾನು ಏರಿಸಿದ್ದು ಕಂಡು ಅತ್ತೆ ಮತ್ತೆ ಏರಿಸಿದ್ದರು. ಒಂದೇ ಡಬರಿಯಲ್ಲಿ ಅತ್ತೆ ಸೊಸೆ ಎರಡು ವರ್ಷ ಹಗ್ಗ ಜಗ್ಗಿದ್ದರು, ಇಬ್ಬರಿಗೂ ಎದುರಿಗೆ ಯಾರಿದ್ದಾರೆಂದು ಗೊತ್ತಿಲ್ಲದೆ.

"ಮತ್ತೆ ನನಗೆ ಬೈಲಿಲ್ಲ ಯಾಕೆ? ಲೋಟ ಬಿದ್ದಿದ್ದಕ್ಕೆ ಬೈತೀರ, ಬಾಗಿಲು ತೆಗೆದಿದ್ದಕ್ಕೆ ಬೈತೀರ. ರೇಷ್ಮೆ ಕಂದಿಸ್ತಿದ್ದೀನಿ ಅಂದ್ಕೊಂಡೂ ಸುಮ್ನಿದ್ರಾ?"

ಅತ್ತೆ ಚಮಚವನ್ನು ಸೆರಗಿಗೆ ಒರೆಸಿದರು.

"ನೀನು ಪೆಟ್ಟಿಗೆ ಬಾಗಿಲು ತೆಗೆದು ಸ್ಕಾರ್ಫು ಎತ್ಕೊಂಡು ನೋಡ್ತೀಯಲ್ಲ, ಅದು ಎಷ್ಟು ಮಂಜಾದ ಕಣ್ಣಿಗೂ ಕಾಣುತ್ತೆ ಕಣೇ. ನನ್ನ ಬಣ್ಣನ ಅಷ್ಟು ಆಸೆಯಿಂದ ನನ್ನ ಗಂಡ ನೋಡ್ಲಿಲ್ಲ, ನನ್ನ ಮಗನಿಗಂತೂ ಎಲ್ಲಾನೂ ಒಂಥರಾ ಕೆಂಪು. ಹಾಗೆ ನೋಡೋಳಿಗೆ, ನೀನೇ ಹಾಳು ಮಾಡ್ತಿದ್ದೀಯ ಅಂತ ಹೇಳೋಕೆ ನನಗೆ ಬಾಯಿ ಬರ್ಲಿಲ್ಲ."

ಇಷ್ಟು ಹೇಳಿ, ಹೇಳಬಾರದ್ದು ಹೇಳಿದವರಂತೆ ಅತ್ತೆ ಕಿಟಕಿಯಾಚೆ ನೋಡಿದರು. ಅಷ್ಟರಲ್ಲಿ ಮಗರಾಯ ಬಾಗಿಲಲ್ಲಿ ಇಣುಕಿ, "ಹಾಗಾದ್ರೆ ಡಬ್ಬದಲ್ಲಿ ತೂತು ಇರ್ಲಿಲ್ಲ," ಎಂದ. ಮೊದಲು ನಕ್ಕದ್ದು ಅತ್ತೆ. ಆಪರೇಷನ್ ಆದ ಕಣ್ಣಿಗೆ ನೀರು ತಾಗಬಾರದೆಂದು ಡಾಕ್ಟರು ಹೇಳಿದ್ದರು. ನಗುವಿನ ನೀರಿಗೆ ಆ ಮಾತು ಅನ್ವಯಿಸುತ್ತದೋ ಇಲ್ಲವೋ ಯಾರೂ ಕೇಳಿರಲಿಲ್ಲ.

ನಗು ಇಳಿದ ಮೇಲೆ ಅತ್ತೆ ಎರಡೂ ಸ್ಕಾರ್ಫನ್ನು ಬೆಳಕಿಗೆ ಎಳೆದರು. "ಈಗ ಹೇಳು. ಹಳೇದರಲ್ಲಿ ಏನಿದೆ, ಹೊಸದರಲ್ಲಿ ಏನಿಲ್ಲ?"

ಅವಳನ್ನು ಈ ಮನೆಯಲ್ಲಿ ಬಣ್ಣದ ಬಗ್ಗೆ ಯಾರೂ ಕೇಳಿರಲಿಲ್ಲ. ಆದರೂ ಮಾತು ತಾನಾಗಿ ಬಂತು. "ಹಳೇದರಲ್ಲಿ ಸಿಪ್ಪೆಯ ಕೆಂಪಿನೊಳಗೆ ಒಂಚೂರು ನೀಲಿ ಇದೆ, ಒಂಚೂರು ಹಳದೀನೂ ಇದೆ. ಎರಡೂ ಸೇರಿ ಅದನ್ನ ಸ್ವಲ್ಪ ತಗ್ಗಿಸಿವೆ. ಎಲ್ಲಾ ಬಣ್ಣನೂ ಮೆಲ್ಲಗೆ ಮಾತಾಡ್ತಿವೆ ಅತ್ತೆ. ಅದಕ್ಕೇ ಜಗಳಗಂಟಿ ದನಿ ಕೇಳ್ಸುತ್ತೆ. ಹೊಸದರಲ್ಲಿ ಎಲ್ಲರೂ ಒಟ್ಟಿಗೆ ಕಿರುಚ್ತಿದ್ದಾರೆ. ಪಾಪ ಜಗಳಗಂಟಿ ಯಾರ ಹತ್ರ ಜಗಳ ಆಡ್ಬೇಕು?"

"ಜಗಳಗಂಟಿಗೆ ಹಳದಿ ಹಾಕ್ಲಿಲ್ವಾ ನೀನು?"

"ಇಲ್ಲ. ಅದರ ಡಬರಿ ಅಂಗೈಯಷ್ಟಿರುತ್ತೆ. ಚಮಚ ಹಾಕಿದ್ರೆ ಬಣ್ಣವೇ ಸತ್ತುಹೋಗ್ತಿತ್ತು."

"ನಾನೂ ಹಾಕ್ಲಿಲ್ಲ," ಎಂದರು ಅತ್ತೆ. ಅವರು ಮೂಲೆಯಲ್ಲಿದ್ದ ಸ್ಟೂಲನ್ನು ಕಾಲಿನಿಂದ ಎಳೆದು ತಮ್ಮ ಪಕ್ಕಕ್ಕೆ ನೂಕಿದರು. "ಕೂತ್ಕೋ. ಚಮಚ ತಗೋ. ಇನ್ಮೇಲೆ ಓಣಿಯಲ್ಲಿ ನಿಂತು ಹಾಕೋದು ಬೇಡ, ನನ್ನ ಎದುರಿಗೇ ಹಾಕು."

ಆ ಮಧ್ಯಾಹ್ನ ಉತ್ತರದ ಕಿಟಕಿಯ ಹತ್ತಿರ ನಡೆದದ್ದನ್ನು ಬಣ್ಣ ಬೆರೆಸುವುದು ಎನ್ನಬೇಕೋ ಕಚ್ಚಾಡುವುದು ಎನ್ನಬೇಕೋ. ಅತ್ತೆ ನೀಲಿ ಹಾಕುವರು, ಸೊಸೆ ಹಳದಿ ಹಾಕುವಳು. "ಸಾಕು ನಿಲ್ಸೇ." "ಇನ್ನೊಂದು ಹನಿ ಅತ್ತೆ." "ಹನಿ ಅಂತ ಕೊಳಗ ಸುರೀತೀಯಲ್ಲ." ದಾಳಿಂಬೆಯ ಕೆಂಪು ಮೊದಲು ಕೆಸರಾಯಿತು, ಚೆಲ್ಲಿದರು. ಮತ್ತೊಮ್ಮೆ ಇಟ್ಟಿಗೆಯಾಯಿತು, ಅದೂ ಹೋಯಿತು. ಕಣ್ಣಾರೆ ನೋಡಿ ಮಾಡುವುದು ಕದ್ದು ಮಾಡಿದಷ್ಟು ಸುಲಭವಿರಲಿಲ್ಲ. ಬೆಳಕು ಕಿಟಕಿಯ ಆ ಚೌಕದಿಂದ ಈ ಚೌಕಕ್ಕೆ ಸರಿಯುವ ಹೊತ್ತಿಗೆ ಡಬರಿಯೊಳಗೆ ಒಂದು ಬಣ್ಣ ಕೂತಿತ್ತು. ಹಣ್ಣು ಒಡೆದು ಒಂದು ದಿನ ಕಳೆದ ಮೇಲೆ ಕಾಳುಗಳು ತಳೆಯುವ ಕೆಂಪು, ತೇವವಿದೆ, ಹೊಳಪಿಲ್ಲ. ಬೂದಿಯನ್ನೂ ಹಾಗೇ ತಗ್ಗಿಸಿದರು, ಎಲೆಯನ್ನೂ ತಗ್ಗಿಸಿದರು. ಜಗಳಗಂಟಿಗೆ ಯಾವುದು ಎಂದು ಅತ್ತೆ ಕೇಳಿದರು. ಸೊಸೆ ಯೋಚಿಸಿ, "ಎಳೆ ನಿಂಬೆ," ಎಂದಳು. ಅತ್ತೆ ಮೂಗು ಮುರಿದು, ಅದನ್ನೇ ಬೆರೆಸಿದರು.

ಅಂಗಡಿಯಾಕೆ ಬಂದ ದಿನ ಒಂದೇ ಸ್ಕಾರ್ಫು ಸಿದ್ಧವಿತ್ತು. ಕತ್ತಿಗೆ ಸುತ್ತಿಕೊಂಡಳು. ಕೆಂಪಿನ ಮಡಿಕೆ ಬೂದಿಯ ಮೇಲೆ ಒರಗಿತು, ಗಂಟಿನೊಳಗಿಂದ ನಿಂಬೆಯ ಒಂದು ಕಿಡಿ ಹೊರಗೆ ನೋಡಿತು. ಕನ್ನಡಿಯ ಮುಂದೆ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ತಿರುಗಿ ನೋಡಿಕೊಂಡಳು. ಈ ಸಲ ತೆಗೆಯಲಿಲ್ಲ. "ಕಿಟಕಿ ಪೂರ್ತಿ ಇದೇ ಇರ್ಲಿ ಅಮ್ಮ," ಎಂದು ಹಾಗೇ ಹಾಕಿಕೊಂಡೇ ಹೊರಟುಹೋದಳು. ಅತ್ತೆ ಮಗನನ್ನು ಪಕ್ಕಕ್ಕೆ ಕರೆದು ಅದೇನೋ ಹೇಳಿದರು. ಅವನು ತಲೆಯಾಡಿಸಿ, ಕೊನೆಯ ಬಣ್ಣದ ಚೌಕಟ್ಟನ್ನು ಎತ್ತಿಕೊಂಡು ಹೋದ.

ಮರುದಿನ ಬೆಳಿಗ್ಗೆಯೇ ಕಿಟಕಿಗೆ ಬೇಕಾದ ಸ್ಕಾರ್ಫುಗಳ ಅಚ್ಚು ಶುರುವಾಯಿತು. ಬೂದಿ ಬಿತ್ತು, ಕೆಂಪು ಬಿತ್ತು, ಎಲೆ ಬಿತ್ತು. ಕೊನೆಗೆ ಜಗಳಗಂಟಿಯ ಚೌಕಟ್ಟು. ಸೊಸೆ ನಿಂಬೆಯನ್ನು ಸುರಿದು, ಒಂದೇ ಉಸಿರಿಗೆ ಎಳೆದು, ಚೌಕಟ್ಟು ಎತ್ತಿದಳು. ಎತ್ತಿದವಳು ಮೂಲೆ ನೋಡಿ ಹಣೆ ಚಚ್ಚಿಕೊಂಡಳು. ಅತ್ತೆಯ ಚುಕ್ಕೆಯ ಪಕ್ಕ, ಅದಕ್ಕೆ ಅಂಟಿಕೊಂಡಂತೆ, ಇನ್ನೊಂದು ಚುಕ್ಕೆ.

"ರೀ, ಬನ್ನಿ ಇಲ್ಲಿ. ಜಾಲರಿಯಲ್ಲಿ ತೂತು ಬಿಟ್ಟಿದ್ದೀರ. ನೋಡಿ, ಮೂಲೆಯಲ್ಲಿ ಎರಡು ಚುಕ್ಕೆ ಬಿದ್ದಿದೆ. ಇಷ್ಟು ಒಳ್ಳೆ ರೇಷ್ಮೆ ಹಾಳಾಯ್ತು."

ಅವನು ಬಂದು ಬಗ್ಗಿ ನೋಡಿದ. "ತೂತಲ್ಲ. ಅಮ್ಮ ಹೇಳಿ ಮಾಡಿಸಿದ್ದು. ಪಕ್ಕದಲ್ಲೇ ಇರ್ಬೇಕು, ಅಷ್ಟೇ ದೊಡ್ಡದಿರ್ಬೇಕು ಅಂದ್ರು. ಮೂರು ಸಲ ತಿದ್ದಿಸಿದ್ರು."

ಅವಳು ರಬ್ಬರ್ ಪಟ್ಟಿ ಹಿಡಿದು ನಿಂತಲ್ಲೇ ನಿಂತಳು. ಹಸಿ ನಿಂಬೆಯ ಎರಡು ಚುಕ್ಕೆ, ಒಂದೇ ಅಳತೆ. ನೋಡುತ್ತಿದ್ದಂತೆ ಎರಡೂ ಕಲಸಿಹೋದವು, ಕಣ್ಣು ಒರೆಸಿಕೊಂಡ ಮೇಲೆ ಮತ್ತೆ ಬೇರೆಯಾದವು.

ಬಣ್ಣದ ಕೋಣೆಯಿಂದ ಅತ್ತೆಯ ದನಿ ಬಂತು. "ಏ ಗೋಡೆಕಣ್ಣು, ಏನು ನೋಡ್ತಾ ನಿಂತೆ? ಚೌಕಟ್ಟಲ್ಲಿ ಬಣ್ಣ ಒಣಗುತ್ತೆ. ಎಳಿ."

"ಎಳೀತೀನಿ ಅತ್ತೆ," ಎಂದು ಅವಳು ಮುಂದಿನ ರೇಷ್ಮೆಯ ಮೇಲೆ ಚೌಕಟ್ಟು ಕೂರಿಸಿದಳು.